ಕಾಸರಗೋಡಿನ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಲಾಭವೇ? ಸೂರ್ಯಘರ್ ಯೋಜನೆಯ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ಲಿನಲ್ಲಿ 500 ಯೂನಿಟ್, ಅಂದರೆ ತಿಂಗಳಿಗೆ 250, ದಾಟುವ ಮನೆಯಾದರೆ ಧೈರ್ಯವಾಗಿ ಹಾಕಿಸಬಹುದು. 300 ಯೂನಿಟ್ಟಿನ ಆಸುಪಾಸಿನಲ್ಲಿ ನಿಲ್ಲುವವರು ಕೂತು ಲೆಕ್ಕ ಹಾಕಬೇಕು. 200ರ ಒಳಗೇ ಮುಗಿಯುವ ಮನೆಗೆ ಬೇಡ, ಆ ದುಡ್ಡಿಗೆ ಬೇರೆ ಕೆಲಸ ಇದ್ದೇ ಇರುತ್ತದೆ. ಹಾಕಿಸುವವರಲ್ಲಿ ಹೆಚ್ಚಿನವರು ಕೇಳುವುದು ಪ್ಯಾನೆಲ್ ಯಾವ ಕಂಪೆನಿಯದು ಎಂದು. ನಮ್ಮ ಜಿಲ್ಲೆಯಲ್ಲಿ ಸೋಲಾರ್ ಕೈಕೊಡುವುದು ಅಲ್ಲಿ ಅಲ್ಲ. ಅರ್ತಿಂಗ್, ಫ್ರೇಮಿನ ಕಬ್ಬಿಣ, ತೆಂಗು ಕಂಗಿನ ನೆರಳು, ಲೈನಿನ ವೋಲ್ಟೇಜು, ಇವುಗಳಲ್ಲಿ. ಒಂದೇ ಪ್ಯಾನೆಲ್, ಒಂದೇ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಯಂತ್ರ) ಹಾಕಿದ ಎರಡು ಮನೆಗಳಲ್ಲಿ ಒಂದು ಚೆನ್ನಾಗಿ ನಡೆದು ಇನ್ನೊಂದು ಮಳೆಗಾಲ ಬಂದ ಕೂಡಲೇ ಮುಗ್ಗರಿಸುವುದಕ್ಕೆ ಕಾರಣವೂ ಅದೇ.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಪಿಎಂ ಸೂರ್ಯಘರ್ ಯೋಜನೆಯಡಿ ಹಾಕುವ 3 ಕಿಲೋವ್ಯಾಟ್ ಆನ್‌ಗ್ರಿಡ್, ಅಂದರೆ ಕೆಎಸ್‌ಇಬಿ ಲೈನಿಗೆ ಜೋಡಿಸಿದ, ವ್ಯವಸ್ಥೆಯನ್ನು. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. 75,021 ಕೋಟಿ ರೂಪಾಯಿ ವೆಚ್ಚ, ಒಂದು ಕೋಟಿ ಮನೆಗಳ ಗುರಿ. ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಬ್ಸಿಡಿ 78,000ಕ್ಕೇ ನಿಲ್ಲುತ್ತದೆ. 3 ಕಿಲೋವ್ಯಾಟ್ ಎಲ್ಲರ ಬಾಯಲ್ಲಿರುವುದು ಇದಕ್ಕೇ. ಕೆಲಸದ ಗುಣಮಟ್ಟ ನೋಡಿಕೊಂಡು ಒಟ್ಟು ಖರ್ಚು ಸುಮಾರು 1.9ರಿಂದ 2.2 ಲಕ್ಷ ಆಗುತ್ತದೆ. ಸಬ್ಸಿಡಿ ಕಳೆದು ಕೈಯಿಂದ ಹೋಗುವುದು 1.15ರಿಂದ 1.4 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದುಕೊಂಡು ಬಂದವರಲ್ಲಿ ಹೊಸ ದರದ ಕಾಗದ ಕೇಳಿ. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡಾ ದೇಶದಲ್ಲೇ ತಯಾರಾಗಿರಬೇಕು. ವ್ಯಾಪಾರದವರು ಡಿಸಿಆರ್ ಎನ್ನುವುದು ಇದನ್ನೇ. ಡಿಸಿಆರ್ ಅಲ್ಲದ ಪ್ಯಾನೆಲ್ ಅಗ್ಗ. ಕೊಟೇಶನ್ ತೀರಾ ಕಡಿಮೆ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಈಗ ಲೆಕ್ಕ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇರಳದ ಗೃಹಬಳಕೆ ದರದಲ್ಲಿ ತಿಂಗಳಿಗೆ ಮೊದಲ 50 ಯೂನಿಟ್‌ಗೆ 3.35, ಮುಂದಿನ ಪ್ರತಿ 50ಕ್ಕೆ 4.25, 5.35, 7.20, 8.50 ರೂಪಾಯಿ. 250 ಯೂನಿಟ್ ತನಕ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 250 ದಾಟಿದರೆ ಮೆಟ್ಟಿಲು ಇಲ್ಲ, ಮೊದಲ ಯೂನಿಟ್ಟಿನಿಂದಲೇ ಒಂದೇ ದರ: 300ರ ತನಕ 6.75, 350ರ ತನಕ 7.60, 400ರ ತನಕ 7.95, 500ರ ತನಕ 8.25, ಅದರ ಮೇಲೆ 9.20. ತಿಂಗಳಿಗೆ ಸರಿಯಾಗಿ 250 ಯೂನಿಟ್ ಉರಿಸಿದ ಮನೆಗೆ ವಿದ್ಯುತ್ತಿನ ಬೆಲೆ 1,432 ರೂಪಾಯಿ ಆದರೆ 251 ಉರಿಸಿದ ಮನೆಗೆ 1,694. ಒಂದು ಯೂನಿಟ್ಟಿಗೆ 260 ರೂಪಾಯಿ ವ್ಯತ್ಯಾಸ! ಇದರ ಮೇಲೆ ಶೇ. 10 ವಿದ್ಯುತ್ ಸುಂಕ, ಫಿಕ್ಸೆಡ್ ಚಾರ್ಜ್, ಮೀಟರ್ ಬಾಡಿಗೆ ಬೇರೆ.

ತಿಂಗಳಿಗೆ 350 ಯೂನಿಟ್ ಬಳಸುವ ಮನೆ, ಅಂದರೆ ಒಂದು ಎಸಿ, ಒಂದು ಒಂದೂವರೆ ಎಚ್‌ಪಿ ಪಂಪು, ಫ್ರಿಜ್, ವಾಷಿಂಗ್ ಮೆಷಿನ್ ಇರುವ ಮನೆ, ವಿದ್ಯುತ್ತಿಗೂ ಸುಂಕಕ್ಕೂ ಸೇರಿ 2,926 ರೂಪಾಯಿ ಕಟ್ಟುತ್ತದೆ. 3 ಕಿಲೋವ್ಯಾಟ್ ವ್ಯವಸ್ಥೆ ಇಲ್ಲಿ ವರ್ಷದ ಸರಾಸರಿಯಲ್ಲಿ ತಿಂಗಳಿಗೆ 330 ಯೂನಿಟ್ಟಿನ ಹತ್ತಿರ ಕೊಡುತ್ತದೆ. ವರ್ಷಕ್ಕೆ 30,000 ರೂಪಾಯಿಯಷ್ಟು ಉಳಿದರೆ ಹಾಕಿದ ದುಡ್ಡು ನಾಲ್ಕೈದು ವರ್ಷದಲ್ಲಿ ಹಿಂದೆ ಬರುತ್ತದೆ. 250 ಯೂನಿಟ್ಟಿನ ಮನೆಗೆ ಆರು ಏಳು ವರ್ಷ ಬೇಕು. 150ರ ಮನೆಗೆ ಹದಿನಾಲ್ಕು ವರ್ಷವಾದರೂ ಆಗುತ್ತದೆ, ಅಷ್ಟರೊಳಗೆ ಇನ್ವರ್ಟರ್ ಒಮ್ಮೆ ಬದಲಾಗಿರುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯ ಬಿಲ್ಲೇ 420 ರೂಪಾಯಿಯ ಆಸುಪಾಸು. ಅಂಥವರಿಗೆ ಸೋಲಾರ್ ಮಾರಲು ಬರುವವರ ಮಾತು ನಂಬಬಾರದು.

ಗಡಿಯಾಚೆ ವಿಟ್ಲದಲ್ಲೋ ಸುಳ್ಯದಲ್ಲೋ ಇರುವ ನೆಂಟರ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ 2023ರ ಜುಲೈಯಿಂದ ಗೃಹಜ್ಯೋತಿ ಇದೆ, ಮನೆಯ ಸರಾಸರಿ ಬಳಕೆಯ ಮಿತಿಯೊಳಗೆ 200 ಯೂನಿಟ್ ತನಕ ಬಿಲ್ಲೇ ಇಲ್ಲ. ಅಲ್ಲಿನ ಮಧ್ಯಮ ಮನೆಗೆ ಸೋಲಾರ್ ಹಾಕಲು ಕಾರಣ ಕಡಿಮೆ. ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಅಂಥದೇ ಮನೆಗೆ ಕಾರಣ ಬಹಳ. "ಬೇಡ ಮಾರಾಯಾ, ದಂಡ" ಎಂದು ಅಲ್ಲಿಯ ಭಾವ ಹೇಳಿದರೆ ಅವರ ಮಟ್ಟಿಗೆ ಅದು ಸರಿ, ನಿಮ್ಮ ಮಟ್ಟಿಗೆ ಅಲ್ಲ.

ಆನ್‌ಗ್ರಿಡ್ ಅಂದರೆ ಬ್ಯಾಟರಿ ಇಲ್ಲ. ಹಗಲು ಹುಟ್ಟಿದ ಕರೆಂಟಿನಲ್ಲಿ ಮನೆಗೆ ಬೇಕಾದಷ್ಟು ಮನೆಯೇ ತೆಗೆದುಕೊಂಡು ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ಬರುತ್ತದೆ. ನೆಟ್ ಮೀಟರ್ ಎರಡನ್ನೂ ಬೇರೆ ಬೇರೆ ಬರೆದಿಡುತ್ತದೆ. ಕೆಎಸ್‌ಇಬಿ ಇಲ್ಲಿ ಮನೆಯ ಪತ್ತಾಯದ ಹಾಗೆ: ಹಾಕಿದ್ದನ್ನು ಬೇಕಾದಾಗ ತೆಗೆಯಬಹುದು, ಆದರೆ ವರ್ಷದ ಕೊನೆಗೆ ಉಳಿದದ್ದನ್ನು ಅವರೇ ಅಳೆದುಕೊಂಡು ಯೂನಿಟ್ಟಿಗೆ ಸುಮಾರು 3 ರೂಪಾಯಿಯ ಸರಾಸರಿ ಖರೀದಿ ದರದಲ್ಲಿ ಲೆಕ್ಕ ಚುಕ್ತಾ ಮಾಡುತ್ತಾರೆ. ನಿಮಗೆ 7.60ರ ಯೂನಿಟ್ ಉಳಿಸಿಕೊಡುವ ವ್ಯವಸ್ಥೆ, ಹೆಚ್ಚುವರಿ ಯೂನಿಟ್ಟಿಗೆ ಅದರ ಅರ್ಧವನ್ನೂ ಕೊಡುವುದಿಲ್ಲ. ಮಾರಿ ಸಂಪಾದಿಸುವ ಆಸೆಯಿಂದ 5 ಕಿಲೋವ್ಯಾಟ್ ಹಾಕಿಸಬೇಡಿ. ವರ್ಷದ ಬಳಕೆಗೆ ಸರಿಹೊಂದುವಷ್ಟೇ ಸಾಕು. ಮುಂದಿನ ವರ್ಷ ಎಲೆಕ್ಟ್ರಿಕ್ ಸ್ಕೂಟರೋ ಇಂಡಕ್ಷನ್ ಒಲೆಯೋ ಬರುವುದು ಖಾತ್ರಿ ಇದ್ದರೆ ಮಾತು ಬೇರೆ.

ಬಿಲ್ಲು ಓದುವುದನ್ನು ಕಲಿಯದವರು ಮೋಸಹೋಗಿದ್ದೇವೆ ಅಂದುಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ಸೋಲಾರ್ ಮೀಟರ್ 640 ಯೂನಿಟ್ ಉತ್ಪಾದನೆ ತೋರಿಸಿತು ಎನ್ನಿ. ನೆಟ್ ಮೀಟರಿನಲ್ಲಿ ಎಕ್ಸ್‌ಪೋರ್ಟ್ 430, ಇಂಪೋರ್ಟ್ 390. ಹಾಗಾದರೆ ಹಗಲಲ್ಲೇ ಮನೆ ಬಳಸಿದ್ದು 640ರಿಂದ 430 ಕಳೆದು 210. ಮನೆಯ ಒಟ್ಟು ಬಳಕೆ 210ಕ್ಕೆ 390 ಸೇರಿ 600. ಎಕ್ಸ್‌ಪೋರ್ಟ್‌ನಲ್ಲಿ ಇಂಪೋರ್ಟ್ ಕಳೆದ 40 ಯೂನಿಟ್ ಮುಂದಿನ ಬಿಲ್ಲಿಗೆ ಜಮೆ. "640 ಹುಟ್ಟಿದೆ, ಜಮೆ ಬರೀ 40 ಯಾಕೆ" ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ಬಿಲ್ಲು ಸೊನ್ನೆ ಆಗುವುದೂ ಇಲ್ಲ, ಫಿಕ್ಸೆಡ್ ಚಾರ್ಜ್ ಮತ್ತು ಬಾಡಿಗೆ ಉಳಿಯುತ್ತದೆ. ಮೀಟರ್ ರೀಡರ್ ಬರುವ ದಿನ ಮೂರೂ ಅಂಕಿಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಜಾಗ. 3 ಕಿಲೋವ್ಯಾಟ್‌ಗೆ 540–550 ವ್ಯಾಟಿನ ಆರು ಪ್ಯಾನೆಲ್ ಬೇಕು. ಒಂದೊಂದು ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ, 28ರಿಂದ 32 ಕಿಲೋ ತೂಕ. ನಡೆದಾಡಲು ಬಿಟ್ಟು 300 ಚದರಡಿ ನೆರಳಿಲ್ಲದ ಜಾಗ ಇಡಬೇಕು. ನಾವಿರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿ 10–12 ಡಿಗ್ರಿ ಓರೆ ಸಾಕು. ತೀರಾ ಚಪ್ಪಟೆ ಇಟ್ಟರೆ ಮಳೆನೀರು ಇಳಿಯದೆ ಕೆಳ ಅಂಚಿನಲ್ಲಿ ಪಾಚಿ ಕಟ್ಟುತ್ತದೆ.

ಇಲ್ಲಿನ ಅಡಕೆ ಮನೆಗಳಲ್ಲಿ ಒಂದು ತಕರಾರು ಇದ್ದೇ ಇದೆ. ತಾರಸಿಯಲ್ಲೂ ಅಂಗಳದಲ್ಲೂ ಚಳಿಗಾಲ ಪೂರ್ತಿ ಅಡಕೆ ಒಣಗಬೇಕು, ಒಂದು ಕೊಯ್ಲಿಗೆ 40–45 ದಿನ. ಪ್ಯಾನೆಲ್ಲಿಗೂ ಅಡಕೆಗೂ ಬೇಕಾದದ್ದು ಅದೇ ಬಿಸಿಲು. ಏಳೆಂಟು ಅಡಿ ಎತ್ತರದ ಫ್ರೇಮ್ ಹಾಕಿ ಅಡಿಯಲ್ಲಿ ಅಡಕೆ ಹರಡಬಹುದು ಎಂದು ಹೇಳುವವರಿದ್ದಾರೆ. ಅಡಿಯಲ್ಲಿ ನೆರಳು ಬಿದ್ದು ಅಡಕೆ ಬೂಸಲು ಹಿಡಿಯುತ್ತದೆ, ಆ ಎತ್ತರದ ಫ್ರೇಮು ಗಾಳಿಗೆ ದುಬಾರಿಯೂ ಹೌದು. ಹಟ್ಟಿಯ ಮಾಡು, ಕಾರ್ ಶೆಡ್ಡು, ಪಂಪ್ ಶೆಡ್ಡಿನ ಬದಿಯ ಖಾಲಿ ಜಾಗ, ಇವನ್ನು ಮೊದಲು ನೋಡಿ. ಹಳೆಯ ಹಂಚಿನ ಮಾಡಿನ ಮೇಲೆ ಹಾಕಿಸುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ. ಪಕ್ಕಾಸು ತಡೆದುಕೊಂಡರೂ ಪ್ಯಾನೆಲ್ ತೊಳೆಯಲು ಹತ್ತಿದವರ ಕಾಲಿಗೆ ಹಂಚು ಒಡೆಯುತ್ತದೆ, ಪ್ಯಾನೆಲ್ ಅಡಿಯ ಹಂಚು ಬದಲಿಸಲು ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಶೀಟಿನ ಮಾಡಿಗೆ ನೇರ ಕ್ಲ್ಯಾಂಪ್ ಮಾಡುವುದು ಅಗ್ಗ. ಆದರೆ ಶೀಟಿಗೂ ಪ್ಯಾನೆಲ್ಲಿಗೂ ನಡುವೆ ಆರು ಇಂಚಾದರೂ ಗಾಳಿ ಆಡಬೇಕು. ಪ್ಯಾನೆಲ್ಲಿನ ವ್ಯಾಟ್ ಅಳೆಯುವುದು 25 ಡಿಗ್ರಿಯಲ್ಲಿ, ಏಪ್ರಿಲ್ ಮಧ್ಯಾಹ್ನ ಅದು 60 ಡಿಗ್ರಿ ತಲುಪುತ್ತದೆ. ಪ್ರತಿ ಡಿಗ್ರಿಗೆ ಶೇ. 0.30ರಿಂದ 0.35 ನಷ್ಟ, ಒಟ್ಟಿಗೆ ಶೇ. 10–12. ಗಾಳಿ ಇಲ್ಲದಿದ್ದರೆ ಇನ್ನೂ ಹೆಚ್ಚು. ಅದಕ್ಕೇ ಸುಡು ಏಪ್ರಿಲ್ಲಿಗಿಂತ ಜನವರಿ, ಫೆಬ್ರವರಿಯ ತಿಳಿಬಿಸಿಲಿನ ದಿನಗಳಲ್ಲಿ ಉತ್ಪಾದನೆ ಒಳ್ಳೆಯದಿರುವುದು ಉಂಟು.

ನೆರಳಿನ ವಿಷಯದಲ್ಲಿ ಕರುಣೆ ಬೇಡ. ಆರು ಪ್ಯಾನೆಲ್ ಒಂದೇ ಸಾಲಿನಲ್ಲಿ ಸರಣಿಯಾಗಿ ಜೋಡಿಸಿರುತ್ತಾರೆ, ಒಂದರ ಕರೆಂಟು ಇನ್ನೊಂದರ ಮೂಲಕವೇ ಹೋಗಬೇಕು. ಒಂದು ಪ್ಯಾನೆಲ್ಲಿನ ಮೂಲೆಗೆ ತೆಂಗಿನ ಸೋಗೆಯ ನೆರಳು ಬಿದ್ದರೆ ಅದರ ಬೈಪಾಸ್ ಡಯೋಡ್ ಆ ಭಾಗವನ್ನು ಬಿಟ್ಟು ಮುಂದೆ ಸಾಗಿಸುತ್ತದೆ, ಆ ಪ್ಯಾನೆಲ್ಲಿನ ಮೂರರಲ್ಲೊಂದು ಪಾಲು ಹೋಗುತ್ತದೆ. ನೆರಳು ನಾಲ್ಕೈದು ಪ್ಯಾನೆಲ್ ಮೇಲೆ ಹರಡಿದರೆ ವೋಲ್ಟೇಜು ಕುಸಿದು ಇನ್ವರ್ಟರ್ ಎದ್ದೇಳುವುದೇ ತಡವಾಗುತ್ತದೆ. ಜಾಗ ನೋಡಲು ಬಂದವರು ಏಪ್ರಿಲ್‌ನಲ್ಲಿ ಬಂದಿದ್ದರೆ ಡಿಸೆಂಬರಿನ ನೆರಳು ಅವರಿಗೆ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನಡುಮಧ್ಯಾಹ್ನವೂ 54 ಡಿಗ್ರಿಯಷ್ಟೇ ಏರುತ್ತದೆ, ಮನೆಯ ದಕ್ಷಿಣಕ್ಕಿರುವ 40 ಅಡಿಯ ಕಂಗಿನ ನೆರಳು 29 ಅಡಿ ದೂರಕ್ಕೆ ಬೀಳುತ್ತದೆ. ಅಳತೆ ಹಿಡಿದು ನೋಡಿ. ಕಂಗು ಕಡಿಯಲು ಮನಸ್ಸಿಲ್ಲದಿದ್ದರೆ, ಇರಬೇಕಾದದ್ದೂ ಇಲ್ಲ, ಪ್ರತಿ ಪ್ಯಾನೆಲ್ಲಿಗೂ ಬೇರೆ ಬೇರೆ ಮೈಕ್ರೋ ಇನ್ವರ್ಟರ್ ಹಾಕುವ ದಾರಿ ಇದೆ. ಖರ್ಚು ಏರುತ್ತದೆ, ನೆರಳಿನ ನಷ್ಟ ಆ ಒಂದೇ ಪ್ಯಾನೆಲ್ಲಿಗೆ ಸೀಮಿತವಾಗುತ್ತದೆ. ಮತ್ತೊಂದು ಮಾತು: ತೆಂಗಿನಕಾಯಿ ಬೀಳುವ ದೂರದಲ್ಲಿ ಪ್ಯಾನೆಲ್ ಇಡಲೇಬಾರದು. ಆ ಗಾಜು ಆಲಿಕಲ್ಲಿನ ಪರೀಕ್ಷೆ ದಾಟಿದ್ದು, ಕಾಯಿಯದ್ದಲ್ಲ.

ಉಪ್ಪಳ, ಮಂಜೇಶ್ವರ, ಮೊಗ್ರಾಲ್‌ನಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ಫ್ರೇಮನ್ನು ತಿನ್ನುತ್ತದೆ. ಬರೀ ಬಣ್ಣ ಬಳಿದ ಎಂಎಸ್ (ಸಾದಾ ಉಕ್ಕಿನ) ಪೈಪಿಗೆ ಒಪ್ಪಬೇಡಿ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಸತುವಿನ ಲೇಪ 80 ಮೈಕ್ರಾನಿಗೆ ಕಡಿಮೆ ಇಲ್ಲದ ಫ್ರೇಮು, 304 ದರ್ಜೆಯ ಸ್ಟೀಲ್ ಬೋಲ್ಟು ಎಂದು ಕರಾರಿನಲ್ಲೇ ಬರೆಸಿ. ಮನೆಯಲ್ಲಿ ತಂದು ಕತ್ತರಿಸಿ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗಿರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಎಲ್ಲ ಜೋಡಣೆ ಬೋಲ್ಟಿನಲ್ಲೇ ಆಗಬೇಕು.

ಈಗ ಮುಖ್ಯ ವಿಷಯ, ಸಿಡಿಲು. ಏಪ್ರಿಲ್, ಮೇಯ ಸಂಜೆಮಳೆ ಮತ್ತು ಅಕ್ಟೋಬರ್, ನವೆಂಬರಿನ ತುಲಾಮಳೆ ಎರಡೂ ನಮ್ಮಲ್ಲಿ ಗುಡುಗು ಸಿಡಿಲಿನ ಜತೆಗೇ ಬರುವುದು. ಪ್ಯಾನೆಲ್ಲಿಗೆ ನೇರ ಸಿಡಿಲು ಬಡಿಯುವುದು ಅಪರೂಪ. ಹತ್ತಿರದ ಮರಕ್ಕೋ ಲೈನಿಗೋ ಬಡಿದ ಸಿಡಿಲಿನ ಹೊಡೆತ ವಯರಿನಲ್ಲಿ ಹರಿದು ಬಂದು ಇನ್ವರ್ಟರಿನ ಬೋರ್ಡು ಸುಡುವುದೇ ಸಾಮಾನ್ಯ. ಇದನ್ನು ತಡೆಯಲು ಡಿಸಿ ಬದಿಗೂ ಎಸಿ ಬದಿಗೂ ಎಸ್‌ಪಿಡಿ ಎಂಬ ಸಣ್ಣ ಡಬ್ಬಿ ಇರುತ್ತದೆ. ಹೆಚ್ಚಾದ ವೋಲ್ಟೇಜನ್ನು ಅದು ಭೂಮಿಗೆ ಹಾಯಿಸುತ್ತದೆ. ಹಾಯಿಸಲು ಭೂಮಿ ಸಿಗಬೇಕಲ್ಲ? ನಮ್ಮ ಮುರಕಲ್ಲು ನೆಲ ಬೇಸಗೆಯಲ್ಲಿ ಒಣಗಿ ಕರೆಂಟು ಹರಿಯಲು ಬಿಡುವುದಿಲ್ಲ. ಅರ್ತಿಂಗ್ ರಾಡು ಎಂಟು ಹತ್ತು ಅಡಿ ಇಳಿಯಬೇಕು. ಮೂರಡಿಗೇ ಮುರಕಲ್ಲು ಸಿಕ್ಕಿತೆಂದು ರಾಡು ಕತ್ತರಿಸಿ ಮೇಲೆ ಮಣ್ಣು ಮುಚ್ಚಿ ಪ್ಲಾಸ್ಟಿಕ್ ಮುಚ್ಚಳ ಇಟ್ಟರೆ ನೋಡುವವರಿಗೆ ಚಂದವಾಗಿಯೇ ಕಾಣುತ್ತದೆ. ಗುಂಡಿ ತೋಡುವ ದಿನ ಮನೆಯವರೊಬ್ಬರು ಅಲ್ಲೇ ನಿಲ್ಲಬೇಕು. ಕಲ್ಲಿದ್ದರೆ ಡ್ರಿಲ್ ಮಾಡಿಸಿ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಪುಡಿ ತುಂಬಿಸಿ ರಾಡು ಇಳಿಸಬೇಕು. ಡಿಸಿಗೆ ಒಂದು, ಎಸಿಗೆ ಒಂದು, ಮಿಂಚುಬಂಧಕಕ್ಕೆ ಒಂದು, ಹೀಗೆ ಮೂರು ಗುಂಡಿ. ಕೊನೆಗೆ ಅರ್ತ್ ಟೆಸ್ಟರಿನಲ್ಲಿ ಅಳತೆ: 5 ಓಮ್ ಒಳಗೆ ಬರಬೇಕು. ಮಳೆಗಾಲದಲ್ಲಿ ಅಳೆದು ಸರಿ ಬಂದದ್ದು ಏಪ್ರಿಲ್‌ನಲ್ಲಿ ಸರಿ ಇರಬೇಕೆಂದಿಲ್ಲ, ಬೇಸಗೆಯಲ್ಲಿ ಇನ್ನೊಮ್ಮೆ ಅಳೆಸಿ. ಎಸ್‌ಪಿಡಿಯ ಮುಖದಲ್ಲಿ ಸಣ್ಣದೊಂದು ಹಸಿರು ಕಿಟಕಿ ಇದೆ. ದೊಡ್ಡ ಸಿಡಿಲಿನ ಮರುದಿನ ಅದು ಕೆಂಪಾಗಿದ್ದರೆ ತನ್ನ ಕೆಲಸ ಮಾಡಿ ಮುಗಿಸಿದೆ ಎಂದರ್ಥ, ಒಳಗಿನ ತುಂಡನ್ನು ಬದಲಿಸಬೇಕು. ಬದಲಿಸದೆ ಬಿಟ್ಟರೆ ಮುಂದಿನ ಸಿಡಿಲಿಗೆ ರಕ್ಷಣೆ ಇಲ್ಲ.

ಮಳೆಗಾಲದ ಬೆಳಗ್ಗೆ ಇನ್ವರ್ಟರಿನಲ್ಲಿ "ಐಸೊಲೇಶನ್ ಫಾಲ್ಟ್" (ಕರೆಂಟು ಭೂಮಿಗೆ ಸೋರುತ್ತಿದೆ) ಎಂದು ಕೆಂಪು ದೀಪ ಹತ್ತಿ, ಹತ್ತು ಗಂಟೆಗೆ ಬಿಸಿಲು ಬಂದಾಗ ತಾನಾಗಿ ಸರಿಯಾಗುವುದನ್ನು ಹಲವರು ಕಂಡಿರುತ್ತಾರೆ. ಎಲ್ಲೋ ಪ್ಯಾನೆಲ್ಲಿನ ವಯರುಗಳನ್ನು ಸೇರಿಸುವ ಒಂದು ಎಂಸಿ4 ಕನೆಕ್ಟರಿಗೆ ನೀರು ಹೋಗಿದೆ, ಇಲ್ಲವೇ ಅಳಿಲು, ಇಲಿ ವಯರಿನ ಹೊದಿಕೆ ಕಡಿದಿದೆ. ತಾನಾಗಿ ಸರಿಯಾಯಿತೆಂದು ಬಿಡಬಾರದು. ವಯರು ಪ್ಯಾನೆಲ್ಲಿನ ಅಡಿಯಲ್ಲಿ ತೂಗಾಡದಂತೆ ಕಟ್ಟಿ, ಉಳಿದದ್ದು ಪೈಪಿನೊಳಗೆ ಹೋಗಬೇಕು. ಕನೆಕ್ಟರ್ ತಾರಸಿಯ ನೀರಿಗೆ ತಾಗಬಾರದು. ಗಂಡು ಕನೆಕ್ಟರ್ ಒಂದು ಕಂಪೆನಿಯದು, ಹೆಣ್ಣು ಇನ್ನೊಂದರದ್ದು ಹಾಕಿದರೆ ಒಳಗೆ ಸಡಿಲಾಗಿ ಬಿಸಿಯಾಗಿ ಕರಗುತ್ತದೆ. ಇದು ಬೆಂಕಿಯ ಮಾತು, ಹಗುರಾಗಿ ತೆಗೆದುಕೊಳ್ಳಬೇಡಿ.

ತೋಟದೊಳಗಿನ ಮನೆಗಳಿಗೆ ಇನ್ನೊಂದು ತೊಂದರೆ ಇದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಲೈನಿನ ತುದಿಯಲ್ಲಿ ಸಂಜೆ ವೋಲ್ಟೇಜು ಕಡಿಮೆ ಎಂದು ಗೊತ್ತು. ಸೋಲಾರ್ ಹಾಕಿದ ಮೇಲೆ ಅದೇ ಮನೆಯಲ್ಲಿ ಹಗಲು ವೋಲ್ಟೇಜು ಹೆಚ್ಚಾಗುತ್ತದೆ! ಕರೆಂಟನ್ನು ಲೈನಿಗೆ ದೂಡಲು ಇನ್ವರ್ಟರ್ ಲೈನಿಗಿಂತ ಹೆಚ್ಚು ವೋಲ್ಟೇಜು ಕೊಡಲೇಬೇಕು. 230ರ ಶೇ. 110, ಅಂದರೆ 253 ವೋಲ್ಟ್ ದಾಟಿದರೆ ನಿಯಮದಂತೆ ಅದು ಕಳಚಿಕೊಳ್ಳುತ್ತದೆ. ಒಳ್ಳೆಯ ಬಿಸಿಲಿನ ಹನ್ನೆರಡು ಗಂಟೆಗೇ ಉತ್ಪಾದನೆ ನಿಂತು ನಿಂತು ಬಂದರೆ ಕಾರಣ ಇದೇ. ಪರಿಹಾರದ ಅರ್ಧ ಭಾಗ ನಿಮ್ಮ ಕೈಯಲ್ಲಿದೆ. 3 ಕಿಲೋವ್ಯಾಟ್ ಎಂದರೆ 13 ಆಂಪಿಯರ್. ಕಂಬದಿಂದ ಮನೆಗೆ 50 ಮೀಟರ್ ದೂರ, 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಸರ್ವಿಸ್ ವಯರ್ ಇದ್ದರೆ ಆ ವಯರಿನಲ್ಲೇ 9 ವೋಲ್ಟ್ ಏರುತ್ತದೆ. 10 ಚದರ ಮಿಲಿಮೀಟರಿನದ್ದು ಹಾಕಿದರೆ 4 ವೋಲ್ಟ್ ಒಳಗೆ ಮುಗಿಯುತ್ತದೆ. ವಯರ್ ಬದಲಿಸಿದ ಮೇಲೂ ಬಿಡದಿದ್ದರೆ ಇನ್ವರ್ಟರಿನ ವೋಲ್ಟೇಜ್ ದಾಖಲೆಯ ಚಿತ್ರ ತೆಗೆದು ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೆ ಬರೆದು ಕೊಡಿ. ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಹೊಂದಿಸುವ ಟ್ಯಾಪ್ ಒಂದು ಮೆಟ್ಟಿಲು ಇಳಿಸುವುದು ಅವರ ಕೆಲಸ. ಇನ್ವರ್ಟರಿನ ಮಿತಿಯನ್ನೇ 270ಕ್ಕೆ ಏರಿಸಿಕೊಡುತ್ತೇವೆ ಎನ್ನುವ ಮೆಕ್ಯಾನಿಕ್ಕಿಗೆ ಒಪ್ಪಬೇಡಿ, ಆ ವೋಲ್ಟೇಜು ನಿಮ್ಮ ಫ್ರಿಜ್ಜಿಗೂ ಹೋಗುತ್ತದೆ.

ಈ ವ್ಯವಸ್ಥೆಯ ದೊಡ್ಡ ಕೊರತೆಯನ್ನು ಮುಚ್ಚಿಡುವಂತಿಲ್ಲ. ಲೈನ್ ಹೋದರೆ ಸೋಲಾರೂ ಹೋಗುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮನೆಯ ಕರೆಂಟು ಬಡಿಯಬಾರದೆಂದು ಹಾಗೆ ಮಾಡಿದ್ದಾರೆ, ಅದು ಸರಿಯಾದದ್ದೇ. ಆದರೆ ಆಟಿಯ ಗಾಳಿಮಳೆಗೆ 11 ಕೆ.ವಿ. ಲೈನಿನ ಮೇಲೆ ಮರ ಬಿದ್ದರೆ ಒಳನಾಡಿನ ಊರುಗಳು ದಿನಗಟ್ಟಲೆ ಕತ್ತಲಲ್ಲಿರುತ್ತವೆ, ಎರಡು ಲಕ್ಷದ ಸೋಲಾರ್ ಮಾಡಿನ ಮೇಲೆ ಸುಮ್ಮನೆ ಇರುತ್ತದೆ. ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ ಹಾಕಿದರೆ ಇದು ತಪ್ಪುತ್ತದೆ. ಬ್ಯಾಟರಿಗೆ ಕೇಂದ್ರದ ಸಬ್ಸಿಡಿ ಇಲ್ಲದ ಕಾರಣ ಕೈಯಿಂದ ಹೋಗುವ ದುಡ್ಡು ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಹೆಚ್ಚಿನ ಮನೆಗಳಿಗೆ ನಾವು ಹೇಳುವುದು: ಈಗಿರುವ 150 ಎಎಚ್ ಬ್ಯಾಟರಿಯ ಹಳೆಯ ಇನ್ವರ್ಟರನ್ನು ಮಾರಬೇಡಿ, ಹಾಗೆಯೇ ಇರಲಿ. ಫ್ಯಾನು, ಲೈಟು, ಮೊಬೈಲಿಗೆ ಅದು ಸಾಕು.

ಮಳೆಗಾಲದ ಉತ್ಪಾದನೆಯ ಬಗ್ಗೆ ಕನಸು ಬೇಡ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆ ಇದು. ಫೆಬ್ರವರಿಯಲ್ಲಿ ದಿನಕ್ಕೆ 13–14 ಯೂನಿಟ್ ಕೊಟ್ಟದ್ದು ಜುಲೈಯಲ್ಲಿ 6–7ಕ್ಕೆ ಇಳಿಯುತ್ತದೆ, ಕಪ್ಪು ಮೋಡದ ದಿನ 2ಕ್ಕೂ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಎಸಿಯೂ ತೋಟದ ಪಂಪೂ ಇಲ್ಲ ಎಂಬುದೇ ನೆಮ್ಮದಿ. ಮಳೆ ನಿಂತ ಮೇಲೆ ಒಮ್ಮೆ ಪಾಚಿ ಉಜ್ಜಿ, ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಪ್ಯಾನೆಲ್ ತಣ್ಣಗಿರುವಾಗ ತೊಳೆದರೆ ಸಾಕು. ಸೋಪಿನ ಪುಡಿ ಬೇಡ. ಬಾವಿಯ ನೀರಿನಲ್ಲಿ ಕಬ್ಬಿಣದಂಶ ಇದ್ದರೆ ತೊಳೆದ ಮೇಲೆ ಒರೆಸಿಬಿಡಿ, ಕೆಂಪು ಕಲೆ ಗಾಜಿನಲ್ಲಿ ಕೂತರೆ ಹೋಗುವುದಿಲ್ಲ.

ಅರ್ಜಿಯ ಕೆಲಸ ಮೊದಲಿಗಿಂತ ಸಲೀಸಾಗಿದೆ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಕೆಎಸ್‌ಇಬಿ ಕನ್ಸ್ಯೂಮರ್ ನಂಬರ್ ಹಾಕಿ ನೋಂದಣಿ ಮಾಡಬೇಕು, ನೋಂದಾಯಿತ ಗುತ್ತಿಗೆದಾರರನ್ನು ಆರಿಸಬೇಕು, ಹಾಕಿಸಿದ ಮೇಲೆ ತಪಾಸಣೆ, ನೆಟ್ ಮೀಟರ್, ಆಮೇಲೆ ಖಾತೆಗೆ ಸಬ್ಸಿಡಿ. 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮದಂತೆ 10 ಕಿಲೋವ್ಯಾಟ್ ತನಕ ತಾಂತ್ರಿಕ ಸಾಧ್ಯತೆಯ ಪರೀಕ್ಷೆ ಇಲ್ಲದೆಯೇ ಅರ್ಜಿ ಒಪ್ಪಿಗೆಯಾದಂತೆ. 3 ಕಿಲೋವ್ಯಾಟ್ ತನಕ ಅಡಮಾನವಿಲ್ಲದೆ 2 ಲಕ್ಷದವರೆಗಿನ ಸಾಲವೂ ಇದೆ, ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕಿಂತ ಅರ್ಧ ಶೇಕಡಾ ಮಾತ್ರ ಹೆಚ್ಚು. ಇಲ್ಲಿನ ಜನ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಮನೆಯ ಕನೆಕ್ಷನ್ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಇಲ್ಲವೇ ಕೆಎಸ್‌ಇಬಿ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಭಟ್, ಶೆಟ್ಟಿ ಎಂಬ ಉಪನಾಮ ಸೇರಿಸಿ ಮತ್ತೊಂದು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಾಗ ಕಾಗುಣಿತ ಬದಲಾದದ್ದೂ ಉಂಟು. ಕೆಲಸ ಮುಗಿದ ಮೇಲೆ ಸಬ್ಸಿಡಿ ತಡೆಯುವುದು ಇಂಥ ವ್ಯತ್ಯಾಸಗಳಿಂದಲೇ. ಮುಂಗಡ ಕೊಡುವ ಮೊದಲೇ ಕನೆಕ್ಷನ್ನಿನ ಮಾಲಕತ್ವ ಬದಲಾಯಿಸಿ, ಮೂರು ಕಡೆಯೂ ಒಂದೇ ಹೆಸರು ಮಾಡಿಸಿಕೊಳ್ಳಿ. ಒಪ್ಪಂದದ ಕಾಗದ ಮಲಯಾಳದಲ್ಲಿದ್ದರೆ ಓದಲು ಬರುವವರಲ್ಲಿ ಓದಿಸಿಯೇ ಸಹಿ ಹಾಕಿ.

ನೆಟ್ ಮೀಟರಿನ ಈ ಸವಲತ್ತು ಹೀಗೆಯೇ ಇರುತ್ತದೆಯೇ ಎಂಬ ಭಯ ನ್ಯಾಯವಾದದ್ದು. ಕೇರಳ ತನಗೆ ಬೇಕಾದ ವಿದ್ಯುತ್ತಿನ ಸುಮಾರು ಶೇ. 70ನ್ನು ಹೊರಗಿನಿಂದ ಕೊಳ್ಳುತ್ತದೆ. ಹಗಲು ಸೋಲಾರ್ ಧಾರಾಳ, ಸಂಜೆ ಆರರ ಮೇಲೆ ಎಲ್ಲರಿಗೂ ಒಟ್ಟಿಗೆ ಬೇಕು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಆ ಹೊತ್ತಿಗೆ ದರ ಯೂನಿಟ್ಟಿಗೆ 10 ರೂಪಾಯಿಯ ಗರಿಷ್ಠ ಮಿತಿ ಮುಟ್ಟುವುದಿದೆ. ಹಗಲು ನೀವು ಕೊಟ್ಟ ಅಗ್ಗದ ಯೂನಿಟ್ಟಿಗೆ ಬದಲಾಗಿ ಮಂಡಳಿ ಸಂಜೆ ದುಬಾರಿ ಯೂನಿಟ್ ಕೊಡಬೇಕಾಗುತ್ತದೆ. ತಿಂಗಳಿಗೆ 250 ಯೂನಿಟ್ ದಾಟುವ ಮನೆಗಳಿಗೆ ಸಂಜೆ 6ರಿಂದ 10ರ ತನಕ ಶೇ. 25 ಹೆಚ್ಚು, ಹಗಲು ಶೇ. 10 ಕಡಿಮೆ ದರ ತಂದದ್ದು ಇದಕ್ಕೇ. 2025ರಲ್ಲಿ ರಾಜ್ಯ ನಿಯಂತ್ರಣ ಆಯೋಗದ ಕರಡು ನಿಯಮದಲ್ಲಿ ನೆಟ್ ಮೀಟರಿಂಗನ್ನು 3 ಕಿಲೋವ್ಯಾಟ್‌ಗೆ ಮಿತಿಗೊಳಿಸುವ ಪ್ರಸ್ತಾಪವೂ ಇತ್ತು, ದೊಡ್ಡ ವಿರೋಧವೂ ಬಂತು. ದೊಡ್ಡದು ಹಾಕಿಸುವವರು ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಸೆಕ್ಷನ್ ಆಫೀಸಿನಲ್ಲಿ ಕೇಳಿಯೇ ಮುಂದುವರಿಯಬೇಕು. 3 ಕಿಲೋವ್ಯಾಟ್ ಒಳಗಿನವರು ಎಲ್ಲಕ್ಕಿಂತ ಸುರಕ್ಷಿತ ಜಾಗದಲ್ಲಿದ್ದಾರೆ ಎಂಬುದು ನಮ್ಮ ಎಣಿಕೆ. ಪಂಪು, ವಾಷಿಂಗ್ ಮೆಷಿನ್, ನೀರು ಕಾಯಿಸುವುದನ್ನು ಹಗಲಿಗೆ ತಂದರೆ ನಿಯಮ ಯಾವ ಕಡೆ ಹೊರಳಿದರೂ ನಷ್ಟ ಕಡಿಮೆ.

ಈ ಜಿಲ್ಲೆಗೆ ಸೋಲಾರ್ ಹೊಸದಲ್ಲ. ಪೈವಳಿಕೆ, ಮೀಂಜ, ಚಿಪ್ಪಾರಿನ 250 ಎಕರೆಯಲ್ಲಿ 50 ಮೆಗಾವ್ಯಾಟಿನ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. 3 ಕಿಲೋವ್ಯಾಟಿನ 16,600 ಮನೆಗಳ ಮಾಡು ಸೇರಿದರೆ ಒಂದೆಕರೆ ಪಾರೆಯನ್ನೂ ಮುಟ್ಟದೆ ಅಷ್ಟೇ ಆಗುತ್ತದೆ. ಸಂಜೆಯ ಕೊರತೆ ನೀಗಲು ರಾಜ್ಯದ ದೊಡ್ಡ ಬ್ಯಾಟರಿ ಸಂಗ್ರಹ ಯೋಜನೆಯೂ ಬರುತ್ತಿರುವುದು ನಮ್ಮ ಮೈಲಾಟ್ಟಿಗೇ. 125 ಮೆಗಾವ್ಯಾಟನ್ನು ನಾಲ್ಕು ಗಂಟೆ ಕಾಲ ಕೊಡುವ, ಐದು ಲಕ್ಷ ಯೂನಿಟ್ಟಿನ ಸಂಗ್ರಹ ಅದು.

ಕೊನೆಯ ಕಂತು ಕೊಡುವ ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇವೆ. ಬಿಸಿಲಿರುವ ಹನ್ನೊಂದು ಗಂಟೆಗೆ ಗುತ್ತಿಗೆದಾರನನ್ನು ಕರೆಸಿ ಇನ್ವರ್ಟರ್ 2.2 ಕಿಲೋವ್ಯಾಟ್ ಮೀರಿ ತೋರಿಸುತ್ತದೆಯೇ ನೋಡಿ. ಮೈನ್ ಸ್ವಿಚ್ ಆರಿಸಿದರೆ ಅದು ಕೂಡಲೇ ನಿಲ್ಲಬೇಕು. ಮೂರು ಅರ್ತ್ ಗುಂಡಿಗಳ ಅಳತೆ ನಿಮ್ಮ ಕಣ್ಣೆದುರೇ ಆಗಲಿ, ಅಂಕಿ ಬರೆದು ಸಹಿ ಮಾಡಿಸಿಕೊಳ್ಳಿ. ಆರೂ ಪ್ಯಾನೆಲ್ಲಿನ ಸೀರಿಯಲ್ ನಂಬರ್, ಡಿಸಿಆರ್ ಪ್ರಮಾಣಪತ್ರ, ಇನ್ವರ್ಟರಿನ ವಾರಂಟಿ ಕಾರ್ಡು ಕೈಗೆ ಬರಬೇಕು. ಯೋಜನೆಯ ಪ್ರಕಾರ ಐದು ವರ್ಷದ ನಿರ್ವಹಣೆ ಗುತ್ತಿಗೆದಾರನದ್ದೇ ಹೊಣೆ, ಅದು ಕಾಗದದಲ್ಲಿ ಇರಲಿ. ಮೊಬೈಲ್ ಆ್ಯಪಿನ ಪಾಸ್‌ವರ್ಡ್ ನಿಮ್ಮ ಹೆಸರಿನಲ್ಲಿ, ನಿಮ್ಮ ನಂಬರಿನಲ್ಲಿ ಮಾಡಿಸಿಕೊಳ್ಳಿ. ಅಂಗಡಿ ಮುಚ್ಚಿ ಹೋದರೂ ನಿಮ್ಮ ಲೆಕ್ಕ ನಿಮಗೆ ಕಾಣುತ್ತಿರಬೇಕು.